ನಿಮ್ಮ ಫೋನಿನಲ್ಲಿ ನಿಮ್ಮ ಅಂಗಡಿ ಮೊದಲು ಬಂದರೆ ಸಾಲದು

ಕಳೆದ ದೀಪಾವಳಿಗೆ ಎರಡು ವಾರ ಮುಂಚೆ ಹುಬ್ಬಳ್ಳಿ ವಿದ್ಯಾನಗರದಲ್ಲಿರುವ ನಮ್ಮ ಚಿಗವ್ವನ ರೊಟ್ಟಿ ಅಂಗಡಿಗೆ ಹೋಗಿದ್ದೆ. ಮುಖ್ಯ ರಸ್ತೆಯಿಂದ ಎರಡು ತಿರುವು ಒಳಗಿರುವ ಸಣ್ಣ ಜಾಗ. ಮುಂದೆ ಎಳ್ಳು ಹಚ್ಚಿದ ಕಡಕ್ ರೊಟ್ಟಿ ಪೇರಿಸಿದ ಬುಟ್ಟಿಗಳು, ಪಕ್ಕದಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ತುಂಬಿದ ಡಬ್ಬಿಗಳು, ಒಳಗೆ ಮೂವರು ಹೆಣ್ಣುಮಕ್ಕಳು ರೊಟ್ಟಿ ಬಡಿಯುವ ಸದ್ದು. ಚಿಗವ್ವ ಹಿಟ್ಟಿನ ಕೈ ಒರೆಸಿಕೊಂಡು ಫೋನ್ ಎತ್ತಿ ತೋರಿಸಿದಳು. "ನೋಡಪಾ, ಗೂಗಲ್‌ನ್ಯಾಗ ನಮ್ಮ ಅಂಗಡಿನ ಮೊದಲ ಬರ್ತದ."

ನಿಜ. ಅವಳ ಫೋನಿನಲ್ಲಿ ‘ಜೋಳದ ರೊಟ್ಟಿ’ ಅಂತ ಹುಡುಕಿದರೆ ಮೊದಲ ಹೆಸರು ಅವಳದೇ. ಅಲ್ಲೇ ನಿಂತು ನನ್ನ ಫೋನಿನಲ್ಲಿ ಹುಡುಕಿದೆ, ನಾಲ್ಕನೆಯದಾಗಿ ಬಂತು. ಸಂಜೆ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ವಾಪಸ್ ಬಂದು, ಸಪ್ತಾಪುರದ ಮನೆಯಲ್ಲಿ ಕೂತು ಅದೇ ಪದ ಹಾಕಿ ನೋಡಿದೆ. ಎಷ್ಟು ಕೆಳಗೆ ಇಳಿದರೂ ಚಿಗವ್ವನ ಅಂಗಡಿ ಸಿಗಲಿಲ್ಲ. ಗದಗಿನ ಗೆಳೆಯನಿಗೆ ಫೋನ್ ಮಾಡಿ ಹುಡುಕು ಅಂದೆ. ಅವನಿಗೆ ಬಂದಿದ್ದೆಲ್ಲ ಗದಗ-ಬೆಟಗೇರಿಯ ಖಾನಾವಳಿಗಳು. ಒಂದೇ ಪದ, ಒಂದೇ ದಿನ, ನಾಲ್ಕು ಸಲ ಹುಡುಕಿದರೆ ನಾಲ್ಕು ಬೇರೆ ಉತ್ತರ.

ನನಗೆ ಸಿಟ್ಟು ಬಂದಿದ್ದು ಇದಕ್ಕಲ್ಲ. ಆರು ತಿಂಗಳ ಹಿಂದೆ ಒಬ್ಬ ಹುಡುಗ ಅಂಗಡಿಗೆ ಬಂದು, "ಅಕ್ಕಾರ, ಗೂಗಲ್‌ನ್ಯಾಗ ನಂಬರ್ ಒನ್ ಮಾಡಿ ಕೊಡ್ತೀವ್ರಿ" ಅಂತ ಹೇಳಿ 12,000 ರೂಪಾಯಿ ಕಟ್ಟಿಸಿಕೊಂಡು ಹೋಗಿದ್ದ. ತಿಂಗಳಿಗೊಂದು ಸ್ಕ್ರೀನ್‌ಶಾಟ್ ಕಳಿಸುತ್ತಿದ್ದ, ಅದರಲ್ಲಿ ಅಂಗಡಿ ಮೊದಲನೇ ಸಾಲಿನಲ್ಲೇ ಇರುತ್ತಿತ್ತು. ಆ ಸ್ಕ್ರೀನ್‌ಶಾಟನ್ನು ಅವನು ಎಲ್ಲಿ ನಿಂತು ತೆಗೆಯುತ್ತಿದ್ದ ಅಂತ ಚಿಗವ್ವನ ಮಗನಿಗೆ ಗೊತ್ತಿತ್ತು. ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ. ಮೂರು ಸಾವಿರ ರೊಟ್ಟಿ ಬಡಿದರೂ ಅಷ್ಟು ದುಡ್ಡು ಕೈಯಲ್ಲಿ ಉಳಿಯುವುದಿಲ್ಲ. ಇಂಥ ಮಾತು ನಂಬಿ ದುಡ್ಡು ಕೊಟ್ಟವರು ಅವಳೊಬ್ಬಳೇ ಅಲ್ಲ, ದುರ್ಗದಬೈಲಿನಲ್ಲಿ, ಬ್ರಾಡ್‌ವೇನಲ್ಲಿ ನನಗೆ ಗೊತ್ತಿರುವ ಇನ್ನೂ ಕೆಲವರಿದ್ದಾರೆ. ಅದಕ್ಕೇ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ‘ಗೂಗಲ್‌ನಲ್ಲಿ ಮೊದಲ ಸ್ಥಾನ’ ಅನ್ನುವ ಒಂದೇ ಒಂದು ಜಾಗ ಈಗ ಇಲ್ಲ. ಒಂದು ಕಾಲಕ್ಕೆ ಹೆಚ್ಚುಕಡಿಮೆ ಇತ್ತು, ಒಂದು ಪದ ಹಾಕಿದರೆ ಎಲ್ಲರಿಗೂ ಬಹುತೇಕ ಒಂದೇ ಪಟ್ಟಿ ಬರುತ್ತಿತ್ತು. 2005ರಲ್ಲಿ ಗೂಗಲ್ ಲಾಗಿನ್ ಆದವರಿಗೆ ಅವರ ಹಳೆಯ ಹುಡುಕಾಟ ನೋಡಿ ಪಟ್ಟಿ ಬದಲಿಸಲು ಶುರು ಮಾಡಿತು. 2009ರ ಡಿಸೆಂಬರ್‌ನಲ್ಲಿ ಇದನ್ನು ಲಾಗಿನ್ ಆಗದವರಿಗೂ ಹಚ್ಚಿದರು, ಬ್ರೌಸರಿನಲ್ಲಿ ಉಳಿದ 180 ದಿನಗಳ ಗುರುತು ನೋಡಿ. ಅದೇ ವರ್ಷ ಅಕ್ಟೋಬರ್‌ನಲ್ಲಿ, ನಿಮ್ಮ ಸ್ನೇಹಿತರು ಎಲ್ಲೆಲ್ಲಿ ಏನು ಬರೆದಿದ್ದಾರೋ ಅದನ್ನೂ ನಿಮ್ಮ ಫಲಿತಾಂಶದಲ್ಲಿ ತೋರಿಸುವ ಪ್ರಯೋಗ ಶುರುವಾಗಿತ್ತು. 2012ರ ಜನವರಿಯಲ್ಲಿ, ಫೇಸ್‌ಬುಕ್ ಥರ ಗೂಗಲ್‌ನವರೇ ನಡೆಸುತ್ತಿದ್ದ ಗೂಗಲ್ ಪ್ಲಸ್‌ನ ಪೋಸ್ಟು, ಫೋಟೋಗಳನ್ನೆಲ್ಲ ಹುಡುಕಾಟದ ಒಳಗೇ ತಂದರು. ಆಗ ಅಂಗಡಿಯವರೆಲ್ಲ ಗೂಗಲ್ ಪ್ಲಸ್ ಪುಟ ಮಾಡಿಸಿ ಅಂತ ಸಲಹೆ ಕೊಡುವವರು ಬೇಕಾದಷ್ಟಿದ್ದರು. 2019ರ ಏಪ್ರಿಲ್‌ನಲ್ಲಿ ಜನಸಾಮಾನ್ಯರ ಗೂಗಲ್ ಪ್ಲಸ್ ಮುಚ್ಚಿಯೇ ಹೋಯಿತು, ಅಲ್ಲಿ ಕೂಡಿಸಿಟ್ಟ ಹಿಂಬಾಲಕರು, ಫೋಟೋ, ಮಾತು ಎಲ್ಲ ಅದರ ಜೊತೆಗೇ ಹೋದವು.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಗೂಗಲ್ ನಿಮ್ಮ ಜಾತಕವೆಲ್ಲ ನೋಡಿ ಫಲಿತಾಂಶ ಕೊಡುತ್ತದೆ ಅಂತ ಅಂದುಕೊಳ್ಳುತ್ತಾರೆ. 2018ರಲ್ಲಿ ಆ ಕಂಪನಿಯವರೇ ಹೇಳಿದ ಪ್ರಕಾರ, ಸಾಮಾನ್ಯ ಹುಡುಕಾಟದಲ್ಲಿ ಒಬ್ಬೊಬ್ಬರಿಗೆ ತಕ್ಕಂತೆ ಬದಲಾಗುವುದು ಕಡಿಮೆ, ಬದಲಾದರೂ ಅದು ಹೆಚ್ಚಾಗಿ ನೀವು ಇರುವ ಜಾಗ ಮತ್ತು ಸ್ವಲ್ಪ ಹೊತ್ತಿಗೆ ಮುಂಚೆ ನೀವು ಹುಡುಕಿದ ಪದದ ಮೇಲೆ. ಸಣ್ಣ ವ್ಯಾಪಾರಿಗೆ ಇದರಲ್ಲಿ ಮುಖ್ಯವಾದ ಶಬ್ದ ಒಂದೇ: ಜಾಗ. ಸುದ್ದಿ ಹುಡುಕುವವನಿಗೆ ಜಾಗ ಬದಲಾದರೆ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ರೊಟ್ಟಿ ಹುಡುಕುವವನಿಗೆ, ಪಂಕ್ಚರ್ ತಿದ್ದುವವನನ್ನು ಹುಡುಕುವವನಿಗೆ, ಟೇಲರ್ ಹುಡುಕುವವನಿಗೆ ಜಾಗವೇ ಎಲ್ಲ. ಊರಿನ ಅಂಗಡಿಗಳನ್ನು ಮೇಲೆ ಕೆಳಗೆ ಮಾಡಲು ಮೂರು ಅಂಶ ನೋಡುತ್ತೇವೆ ಅಂತ ಗೂಗಲ್ ಬಹಿರಂಗವಾಗಿಯೇ ಹೇಳುತ್ತದೆ: ಹುಡುಕಿದ ಪದಕ್ಕೂ ಅಂಗಡಿಗೂ ಇರುವ ಸಂಬಂಧ, ದೂರ, ಮತ್ತು ಅಂಗಡಿಗೆ ಎಷ್ಟು ಹೆಸರಿದೆ ಅನ್ನುವುದು.

ದೂರದ ವಿಷಯ ನಮ್ಮ ಅವಳಿ ನಗರಕ್ಕೆ ವಿಚಿತ್ರವಾಗಿ ಹೊಡೆಯುತ್ತದೆ. ಹುಬ್ಬಳ್ಳಿ-ಧಾರವಾಡ ಅಂದರೆ ನಮಗೆ ಒಂದೇ ಊರು. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಇರುವವರು ಎಷ್ಟೋ ಜನ. ಜವಳಿ ಸಾಲಿನಲ್ಲಿ ಸೀರೆ ತೆಗೆದುಕೊಂಡು ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡು ಹೋಗುವುದು ನಮಗೆ ಒಂದೇ ದಿನದ ಕೆಲಸ. ಆದರೆ ನಕ್ಷೆಗೆ ಅದು ಸುಮಾರು 20 ಕಿಲೋಮೀಟರ್ ದೂರದ ಎರಡು ಊರು. ಸಪ್ತಾಪುರದಲ್ಲಿ ಕೂತವನಿಗೆ ಧಾರವಾಡದಲ್ಲೇ ಹತ್ತು ಅಂಗಡಿ ಸಿಗುವಾಗ, ವಿದ್ಯಾನಗರದ ಗಲ್ಲಿಯ ಅಂಗಡಿಯನ್ನು ಅದು ಯಾಕೆ ತೋರಿಸಬೇಕು? ದೂರವನ್ನು ಮೀರಿ ಬರಬೇಕಾದರೆ ಹೆಸರು ತುಂಬಾ ದೊಡ್ಡದಿರಬೇಕು. ಧಾರವಾಡ ಪೇಡೆಗೆ ಆ ಹೆಸರಿದೆ, ಎಲ್ಲಿಂದ ಹುಡುಕಿದರೂ ಬರುತ್ತದೆ. ಚಿಗವ್ವನ ರೊಟ್ಟಿಗೆ ಇಲ್ಲ.

ಈ ‘ಹೆಸರು’ ಅನ್ನುವುದನ್ನು ಯಂತ್ರ ಹೇಗೆ ಅಳೆಯುತ್ತದೆ? ಜನ ಬರೆದ ರಿವ್ಯೂ ಎಷ್ಟು, ಎಷ್ಟು ಸ್ಟಾರ್, ಬೇರೆ ಕಡೆ ಈ ಅಂಗಡಿಯ ಬಗ್ಗೆ ಯಾರಾದರೂ ಬರೆದಿದ್ದಾರಾ, ಯಾರಾದರೂ ಲಿಂಕ್ ಕೊಟ್ಟಿದ್ದಾರಾ ಅಂತ. ನಮ್ಮ ಕಡೆಯ ವ್ಯಾಪಾರ ಎಡವುವುದು ಇಲ್ಲೇ, ಮತ್ತು ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಗಂಟು ಇಲ್ಲೇ ಇದೆ. ಚಿಗವ್ವನಿಗೆ ಗಿರಾಕಿ ಇಲ್ಲ ಅಂತಲ್ಲ. ಹಾಸ್ಟೆಲಿನ ಹುಡುಗರು ಇದ್ದಾರೆ, ಪುಣೆಗೆ ಹೋಗುವ ಮಗನಿಗೆ ನೂರು ರೊಟ್ಟಿ ಕಟ್ಟಿಸುವ ತಾಯಂದಿರು ಇದ್ದಾರೆ, ಸೀಮಂತಕ್ಕೆ, ಪಂಚಮಿ ಉಂಡಿಗೆ ಮುಂಗಡ ಕೊಟ್ಟು ಹೋಗುವವರು ಇದ್ದಾರೆ. ಅವರೆಲ್ಲ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. ‘ಅಕ್ಕಾ, ನಾಳೆ 50 ಕಡಕ್, ಅರ್ಧ ಕೆಜಿ ಶೇಂಗಾ ಹಿಂಡಿ’ ಅಂತ ಒಂದು ಮೆಸೇಜ್, ಸಂಜೆ ಬಂದು ಒಯ್ದರೆ ಮುಗಿಯಿತು. ಚೆನ್ನಾಗಿದ್ದರೆ ತಂಗಿಗೆ ನಂಬರ್ ಕಳಿಸುತ್ತಾರೆ. ವಾಟ್ಸ್‌ಆ್ಯಪ್ ಮಾತುಕತೆ ಕಳಿಸಿದವರಿಗೆ, ಪಡೆದವರಿಗೆ ಮಾತ್ರ ಕಾಣುವಂತೆ ಬೀಗ ಹಾಕಿದ ವ್ಯವಸ್ಥೆ, ಅದು ಒಳ್ಳೆಯದೇ. ಆದರೆ ಹದಿನಾಲ್ಕು ವರ್ಷದಿಂದ ಬಾಯಿಂದ ಬಾಯಿಗೆ ಹೋದ ನಂಬಿಕೆಯ ಒಂದು ಅಕ್ಷರವೂ ಹುಡುಕುವ ಯಂತ್ರಕ್ಕೆ ಕಾಣುವುದಿಲ್ಲ. ಅದರ ಲೆಕ್ಕದಲ್ಲಿ ಈ ಅಂಗಡಿಗೆ ಒಂಬತ್ತು ಗಿರಾಕಿಗಳು, ಯಾಕೆಂದರೆ ರಿವ್ಯೂ ಇದ್ದದ್ದು ಒಂಬತ್ತು. ಅದೇ ರಸ್ತೆಯಲ್ಲಿ ಒಂದು ವರ್ಷದ ಹಿಂದೆ ಶುರುವಾದ, ಮೇಜಿನ ಮೇಲೆ ಕ್ಯೂಆರ್ ಅಂಟಿಸಿ ಎಲ್ಲರ ಹತ್ತಿರ ರಿವ್ಯೂ ಕೇಳುವ ಹೋಟೆಲ್‌ಗೆ ನಾನೂರು. ಆ ಹೋಟೆಲಿನವರ ತಪ್ಪೇನೂ ಇಲ್ಲ, ಅವರು ಆಟದ ನಿಯಮ ತಿಳಿದುಕೊಂಡಿದ್ದಾರೆ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಕಥೆ ಇನ್ನೊಂದು ಥರ. ಅಲ್ಲಿ ಜಾಗಕ್ಕಿಂತ ಜಾಸ್ತಿ ನಡೆಯುವುದು ನೀವು ಹಿಂದೆ ಏನು ನೋಡಿದಿರಿ, ಯಾರ ಜೊತೆ ಒಡನಾಟ ಇದೆ ಅನ್ನುವುದು. 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಮೇಲೆ ಪುಟಗಳಿಗಿಂತ ಮನೆಯವರ, ಸ್ನೇಹಿತರ ಪೋಸ್ಟಿಗೆ ಮೊದಲ ಸ್ಥಾನ ಅಂತ ಘೋಷಿಸಿತು. ಅದಕ್ಕೆ ಮುಂಚೆ ಕಷ್ಟಪಟ್ಟು ಸಾವಿರಾರು ಲೈಕ್ ಕೂಡಿಸಿದ್ದ ಅಂಗಡಿಗಳ ಪೋಸ್ಟು, ಲೈಕ್ ಮಾಡಿದವರಿಗೇ ಕಾಣುವುದು ಕಡಿಮೆಯಾಯಿತು. ಈಗ ಹುಡುಗರು ಊಟದ ಜಾಗವನ್ನು ಇನ್‌ಸ್ಟಾಗ್ರಾಂನಲ್ಲೇ ಹುಡುಕುತ್ತಾರೆ. ಗಿರ್ಮಿಟ್-ಮಿರ್ಚಿ ರೀಲು ಒಂದು ಓಡಿದರೆ ಭಾನುವಾರ ಉಣಕಲ್ ಕೆರೆ ಹತ್ತಿರದ ಗಾಡಿಗೆ ಜನ ಮುತ್ತಿಕೊಳ್ಳುತ್ತಾರೆ, ಅದರ ಪಕ್ಕದಲ್ಲೇ ಅಷ್ಟೇ ರುಚಿಯಾಗಿ ಮಾಡುವವನು ಸುಮ್ನೆ ನೋಡುತ್ತಾ ನಿಂತಿರುತ್ತಾನೆ. ಒಂದು ಗಾಡಿಯ ರೀಲು ನೋಡಿದವನಿಗೆ ಅದೇ ಗಾಡಿಯ ಇನ್ನೂ ನಾಲ್ಕು ರೀಲು ಬರುತ್ತವೆ. ಒಮ್ಮೆ ಕಂಡವರು ಮತ್ತೆ ಮತ್ತೆ ಕಾಣುತ್ತಾರೆ, ಕಾಣದವರು ಕಾಣದೆಯೇ ಉಳಿಯುತ್ತಾರೆ. ಹೊಸಬರಿಗೆ ಅವಕಾಶ ಇಲ್ಲವೇ ಇಲ್ಲ ಅಂತ ಹೇಳಲಾರೆ, ರೀಲಿನಲ್ಲಿ ಗುರುತಿಲ್ಲದವರಿಗೂ ತಲುಪುವ ದಾರಿ ಇದೆ. ಆದರೆ ನೋಡಿ ಮೆಚ್ಚಿದವರು ಗುವಾಹಟಿಯಲ್ಲಿದ್ದರೆ ರೊಟ್ಟಿ ಅಂಗಡಿಗೆ ಏನು ಬಂತು?

ಎರಡು ಲೋಕಗಳ ನಡುವಿನ ಗೋಡೆಯಲ್ಲಿ ಇತ್ತೀಚೆಗೆ ಒಂದು ಕಿಂಡಿ ತೆರೆದಿದೆ. 2025ರ ಜುಲೈ 10ರಿಂದ ಇನ್‌ಸ್ಟಾಗ್ರಾಂನ ವ್ಯಾಪಾರಿ ಖಾತೆಗಳ ಬಹಿರಂಗ ಪೋಸ್ಟುಗಳು ಗೂಗಲ್ ಹುಡುಕಾಟದಲ್ಲೂ ಬರಬಹುದು. ಹಾಗಾಗಿ ರೀಲಿನ ಕೆಳಗೆ ಬರೆಯುವ ನಾಲ್ಕು ಸಾಲಿಗೆ ಈಗ ಬೆಲೆ ಇದೆ. ಬರೀ ಹೃದಯದ ಚಿತ್ರ ಹಾಕುವ ಬದಲು ‘ಹುಬ್ಬಳ್ಳಿ ವಿದ್ಯಾನಗರ, ಕಡಕ್ ಜೋಳದ ರೊಟ್ಟಿ’ ಅಂತ ಬರೆದರೆ ಅದು ಸಿಗುವ ಸಾಧ್ಯತೆ ಇದೆ.

ಬರೆಯುವುದು ಅಂದಾಗ ನಮ್ಮ ಭಾಷೆಯ ವಿಷಯ ಬರುತ್ತದೆ. ಇದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. 2014ರ ನವೆಂಬರ್ 1ರಿಂದ ನಮ್ಮ ಊರು ಇಂಗ್ಲಿಷಿನಲ್ಲೂ ‘ಹುಬ್ಬಳ್ಳಿ’ ಆಯಿತು, ಆದರೆ ಹೊರಗಿನವರು ಇವತ್ತಿಗೂ ‘ಹುಬ್ಳಿ’ ಅಂತಲೇ ಟೈಪ್ ಮಾಡುತ್ತಾರೆ. ಊರಿನ ಎರಡು ಹೆಸರನ್ನು ಯಂತ್ರ ಈಗ ಚೆನ್ನಾಗಿಯೇ ಹೊಂದಿಸಿಕೊಳ್ಳುತ್ತದೆ. ನಮ್ಮ ತಿಂಡಿ ತಿನಿಸಿನ ಹೆಸರಿಗೆ ಬಂದರೆ ಹಾಗಲ್ಲ. ‘ಹಿಂಡಿ’ ತಗೊಳ್ಳಿ. ನಮಗೆ ಶೇಂಗಾ ಹಿಂಡಿ, ಬೆಂಗಳೂರಿನವರಿಗೆ ಚಟ್ನಿಪುಡಿ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ‘ಹಿಂಡಿ’ಗೂ ‘ಹಿಂದಿ’ ಭಾಷೆಗೂ ಒಂದೇ ಸ್ಪೆಲ್ಲಿಂಗ್! ಚಿಗವ್ವನ ಮಗ ಗೂಗಲ್‌ನಲ್ಲಿ ಅಂಗಡಿಗೆ ಇರುವ ಪುಟದ ಪಟ್ಟಿಯಲ್ಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹಾಕಿದ್ದ. ಅಗಸಿ ಹಿಂಡಿ ಹುಡುಕುವ ಒಬ್ಬ ಗಿರಾಕಿಯನ್ನು ಈ ಅಂಗಡಿಗೆ ತಂದು ಮುಟ್ಟಿಸಲು ಯಂತ್ರಕ್ಕೆ ಅಲ್ಲಿ ಏನು ಸುಳಿವಿತ್ತು? ಗೂಗಲ್‌ನಲ್ಲಿ 2017ರಿಂದಲೇ ಕನ್ನಡದಲ್ಲಿ ಮಾತಾಡಿ ಹುಡುಕಬಹುದು. ನಮ್ಮ ಅವ್ವನ ವಯಸ್ಸಿನವರು ಟೈಪ್ ಮಾಡುವುದಿಲ್ಲ, ಫೋನಿಗೆ ಹೇಳುತ್ತಾರೆ. ಅವರು ಕನ್ನಡದಲ್ಲಿ ಕೇಳುತ್ತಿರುವಾಗ ಅಂಗಡಿಯವರು ಕನ್ನಡದಲ್ಲಿ ಒಂದು ಸಾಲೂ ಬರೆದಿಲ್ಲ ಅಂದರೆ, ಇಬ್ಬರೂ ಒಂದೇ ಗಲ್ಲಿಯಲ್ಲಿದ್ದರೂ ಭೇಟಿಯಾಗುವುದು ಕಷ್ಟ.

ಹಾವೇರಿ ಕಡೆಯ ಮಾಲಿಗೆ ಇನ್ನೊಂದು ತೊಡಕು. ಅಲ್ಲಿನ ಏಲಕ್ಕಿ ಹಾರ ತಗೊಳ್ಳಿ, ಬ್ಯಾಡಗಿ ಮೆಣಸಿನಕಾಯಿ ತಗೊಳ್ಳಿ. ಇವನ್ನು ಕೊಳ್ಳುವವರು ಊರಲ್ಲಿ ಕಡಿಮೆ, ಹೊರಗೆ ಜಾಸ್ತಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಬೆಂಗಳೂರಿನಲ್ಲಿ ಕೂತು ಹುಡುಕಿದವನಿಗೆ ಮೊದಲು ಸಿಗುವುದು ದೊಡ್ಡ ಆನ್‌ಲೈನ್ ಮಾರಾಟ ತಾಣಗಳು, ಅವನ ಮನೆ ಹತ್ತಿರದ ಮಸಾಲೆ ಅಂಗಡಿಗಳು. ಬ್ಯಾಡಗಿಯಲ್ಲೇ ಮೂರು ತಲೆಮಾರಿನಿಂದ ಮೆಣಸಿನಕಾಯಿ ಮಾರುವವರು ಸಿಗಬೇಕಾದರೆ ಆತ ಬ್ಯಾಡಗಿಗೇ ಹೋಗಿ ಹುಡುಕಬೇಕು. ಊರಿನ ಹೆಸರೇ ಮಾಲಿನ ಹೆಸರಾಗಿರುವಾಗ ಆ ಊರಿನ ವ್ಯಾಪಾರಿ ಹಿಂದೆ ಬೀಳುವುದು ನನಗೆ ನ್ಯಾಯ ಅನ್ನಿಸುವುದಿಲ್ಲ.

ದುಡ್ಡಿನ ಮಾತು ಬಿಟ್ಟು ಇದನ್ನು ಮುಗಿಸಲಾಗದು. ಪಟ್ಟಿಯ ಮೇಲೆ ಜಾಹೀರಾತು, ಅದು ಕೊಂಡ ಜಾಗ. ಅದರ ಕೆಳಗಿನ ಜಾಗದ ಬಗ್ಗೆಯೂ ಜಗಳ ಆಗಿದೆ. 2018ರ ಫೆಬ್ರುವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಹುಡುಕಾಟದಲ್ಲಿ ಪಕ್ಷಪಾತ ಮಾಡಿದ್ದಕ್ಕೆ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ಇನ್ನು ರಿವ್ಯೂ ಮಾರಾಟ. ಐವತ್ತು ರಿವ್ಯೂಗೆ ಇಷ್ಟು, ನೂರಕ್ಕೆ ಇಷ್ಟು ಅಂತ ದರ ಹೇಳುವವರು ನಮ್ಮ ಊರಲ್ಲೂ ಇದ್ದಾರೆ. 2022ರ ನವೆಂಬರ್‌ನಲ್ಲಿ ಸರ್ಕಾರ ಆನ್‌ಲೈನ್ ರಿವ್ಯೂಗಳಿಗೆ ಐಎಸ್ 19000 ಅನ್ನುವ ಮಾನದಂಡ ತಂದಿತು, ಆದರೆ ಅದನ್ನು ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟಂತೆ ಇತ್ತು. ಕೊಂಡ ರಿವ್ಯೂ ಸಿಕ್ಕಿಬಿದ್ದರೆ ಗೂಗಲ್‌ನವರು ತೆಗೆದುಹಾಕುತ್ತಾರೆ, ಕೆಲವೊಮ್ಮೆ ಅಂಗಡಿಯ ಪುಟವನ್ನೇ ತಡೆಹಿಡಿಯುತ್ತಾರೆ. ರಿವ್ಯೂ ಬರೆದರೆ ರಿಯಾಯಿತಿ ಕೊಡ್ತೀವಿ ಅನ್ನುವುದೂ ಅವರ ನಿಯಮಕ್ಕೆ ವಿರುದ್ಧ, ಇದು ಬಹಳ ಅಂಗಡಿಯವರಿಗೆ ಗೊತ್ತಿಲ್ಲ. ಬೋರ್ಡಿನಲ್ಲಿ ಇಲ್ಲದ ಪದಗಳನ್ನು ಅಂಗಡಿಯ ಹೆಸರಿಗೆ ಜೋಡಿಸುವುದೂ ಅಷ್ಟೇ. 12,000 ಕಟ್ಟಿಸಿಕೊಂಡ ಆ ಹುಡುಗ ಚಿಗವ್ವನ ಅಂಗಡಿಯ ಹೆಸರಿನ ಮುಂದೆ ‘ಬೆಸ್ಟ್ ರೊಟ್ಟಿ ಇನ್ ಹುಬ್ಳಿ’ ಅಂತ ಸೇರಿಸಿಟ್ಟಿದ್ದ. ಪುಟ ಹೋಗಿದ್ದರೆ ಹೋಗುತ್ತಿದ್ದುದು ಅವಳದು.

2024ರ ಆಗಸ್ಟ್‌ನಿಂದ ಭಾರತದಲ್ಲಿ ಗೂಗಲ್ ಎಐ ಸಾರಾಂಶವನ್ನೂ ಪಟ್ಟಿಯ ಮೇಲೆ ತೋರಿಸುತ್ತಿದೆ. ಹತ್ತು ಹೆಸರಿನ ಜಾಗದಲ್ಲಿ ಒಂದು ಪ್ಯಾರಾ, ಅದರಲ್ಲಿ ಎರಡೋ ಮೂರೋ ಅಂಗಡಿ. ಇಂಥ ಸಾರಾಂಶ ಕಟ್ಟುವುದು ಎಲ್ಲೋ ಬರೆದಿಟ್ಟ ಮಾತುಗಳಿಂದ. ಬರೀ ಐದು ಸ್ಟಾರ್ ಒತ್ತಿ ಹೋದರೆ ಅದಕ್ಕೆ ಹೇಳಲು ಏನೂ ಸಿಗುವುದಿಲ್ಲ. ‘ಕಡಕ್ ರೊಟ್ಟಿ ಇಪ್ಪತ್ತು ದಿನ ಇಟ್ಟರೂ ಮೆತ್ತಗಾಗಲಿಲ್ಲ, ಪುಣೆಗೆ ಒಯ್ದಿದ್ವಿ’ ಅಂತ ಒಬ್ಬರು ಬರೆದರೆ ಅದರಲ್ಲಿ ಮಾಲು, ಗುಣ, ಊರು ಎಲ್ಲ ಇದೆ.

ನಾವು ಮಾಡಿದ್ದು ಹೇಳುತ್ತೇನೆ. ಮೊದಲು ಆ ಹುಡುಗನಿಗೆ ಕೊಟ್ಟಿದ್ದ ಪಾಸ್‌ವರ್ಡ್ ಬದಲಿಸಿದ್ವಿ, ಹೆಸರನ್ನು ಬೋರ್ಡಿನಲ್ಲಿ ಇದ್ದ ಹಾಗೆ ಮಾಡಿದ್ವಿ. ಅದಾದ ಮೇಲೆ ಪುಟ ಮತ್ತೆ ಪರಿಶೀಲನೆಗೆ ಬಂತು, ವಿಡಿಯೊ ಕೇಳಿದರು. ಗಲ್ಲಿಯ ತಿರುವಿನಿಂದ ಶುರು ಮಾಡಿ, ಬೋರ್ಡ್, ಶಟರ್ ಎತ್ತುವುದು, ಹಂಚು, ಹಿಟ್ಟಿನ ಡಬ್ಬಿ, ಕೊನೆಗೆ ಗೋಡೆಗೆ ತೂಗುಹಾಕಿದ ಲೈಸೆನ್ಸ್‌ವರೆಗೆ ಒಂದೇ ಸಲಕ್ಕೆ, ಎಲ್ಲೂ ನಿಲ್ಲಿಸದೆ ತೆಗೆಯಬೇಕು. ಚಿಗವ್ವನ ಮಗ ಮೂರನೇ ಸಲಕ್ಕೆ ಸರಿಯಾಗಿ ತೆಗೆದ. ಮಾಲಿನ ಪಟ್ಟಿಯನ್ನು ಕನ್ನಡದಲ್ಲಿ ಬರೆದ್ವಿ, ಜೊತೆಗೆ ‘ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ’ ಅಂತ ಎರಡೂ ಹೆಸರು. ವಾಟ್ಸ್‌ಆ್ಯಪ್ ಗಿರಾಕಿಗಳಿಗೆ ಚಿಗವ್ವ ತನ್ನ ದನಿಯಲ್ಲೇ ಒಂದು ಮೆಸೇಜ್ ಕಳಿಸಿದಳು: "ನಿಮಗ ನಮ್ಮ ರೊಟ್ಟಿ ಹ್ಯಾಂಗ ಅನಿಸ್ತದೋ ಹಂಗ ಬರೀರಿ, ಕೆಟ್ಟದ್ದಿದ್ರೂ ಬರೀರಿ." ಮೂವತ್ತೊಂದು ಜನ ಬರೆದರು. ಒಬ್ಬರು ಹಿಂಡಿಯಲ್ಲಿ ಉಪ್ಪು ಜಾಸ್ತಿ ಅಂತ ಬರೆದರು, ಚಿಗವ್ವ ಅದನ್ನು ಓದಿಸಿ ಕೇಳಿ ಮರುದಿನ ಅಳತೆ ಬದಲಿಸಿದಳು.

ಮೊದಲ ಸ್ಥಾನದ ಸ್ಕ್ರೀನ್‌ಶಾಟ್ ನೋಡುವುದನ್ನು ಬಿಟ್ಟಿದ್ದೇವೆ. ಅದರ ಬದಲು ತಿಂಗಳಿಗೊಮ್ಮೆ ಅಂಗಡಿಯ ಪುಟದ ಒಳಗಿನ ಲೆಕ್ಕ ತೆಗೆಯುತ್ತೇವೆ. ಎಷ್ಟು ಜನ ಅಲ್ಲಿಂದ ಫೋನ್ ಮಾಡಿದರು, ಎಷ್ಟು ಜನ ದಾರಿ ಕೇಳಿದರು, ಯಾವ ಪದ ಹುಡುಕಿ ಬಂದರು ಅನ್ನುವುದು ಅದರಲ್ಲಿ ಇರುತ್ತದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕಡಿಮೆ ಜನ ಹುಡುಕಿದ ಪದದ ಮುಂದೆ ಬರೀ ‘15ಕ್ಕಿಂತ ಕಡಿಮೆ’ ಅಂತ ತೋರಿಸುತ್ತದೆ. ನಿಮ್ಮನ್ನು ಯಾರಾದರೂ ಇಂಥ ಕೆಲಸಕ್ಕೆ ದುಡ್ಡು ಕೇಳಿದರೆ ಸ್ಕ್ರೀನ್‌ಶಾಟ್ ಬೇಡ, ಈ ಲೆಕ್ಕ ತೋರಿಸು ಅನ್ನಿ. ಮತ್ತು ಬೇರೆ ಬೇರೆ ಬಡಾವಣೆಯ ನಾಲ್ಕು ಗಿರಾಕಿಗಳಿಗೆ ಅವರ ಮನೆಯಿಂದಲೇ ಹುಡುಕಲು ಹೇಳಿ. ಬ್ರೌಸರಿನ ಗುಪ್ತ ಕಿಟಕಿ (ಇನ್‌ಕಾಗ್ನಿಟೊ) ತೆರೆದರೆ ಹಳೆಯ ಇತಿಹಾಸ ಹೋಗುತ್ತದೆ, ನೀವು ನಿಂತ ಜಾಗ ಹೋಗುವುದಿಲ್ಲ.

ಮೊನ್ನೆ ಭಾನುವಾರ ಸಪ್ತಾಪುರದಲ್ಲಿ ಕೂತು ಮತ್ತೆ ‘ಜೋಳದ ರೊಟ್ಟಿ’ ಹುಡುಕಿದೆ. ಚಿಗವ್ವನ ಅಂಗಡಿ ಈಗಲೂ ಬರಲಿಲ್ಲ, ಧಾರವಾಡದವರೇ ಇದ್ದರು. ‘ಗುರೆಳ್ಳು ಹಿಂಡಿ’ ಅಂತ ಕನ್ನಡದಲ್ಲಿ ಹಾಕಿದೆ. ಎರಡನೆಯದಾಗಿ ಬಂತು. ಗದಗಿನ ಗೆಳೆಯನಿಗೂ ಹುಡುಕಲು ಹೇಳಿದ್ದೇನೆ, ಅವನು ಸಂಜೆ ಹೇಳುತ್ತೇನೆ ಅಂದಿದ್ದಾನೆ.